ಕೋಟ್ಲಾ ಕಂಬದ ಮೇಲಿನ ನಾಲ್ಕು ಹೆಸರು

ಮಕ್ಕಳೇ, ಫಿರೋಜ್ ಷಾ ಕೋಟ್ಲಾ ಎಂದರೆ ನಿಮ್ಮ ಅಪ್ಪ ಅಮ್ಮನಿಗೆ ಥಟ್ಟನೆ ನೆನಪಾಗುವುದು ಕ್ರಿಕೆಟ್ಟು. 1999ರ ಫೆಬ್ರವರಿ 7ರಂದು ಅಲ್ಲಿನ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ 74 ರನ್ ಕೊಟ್ಟು ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತಿದ್ದರು. ಆ ಕಥೆಯನ್ನು ಮನೆಯಲ್ಲಿ ನೀವು ಹತ್ತು ಸಲವಾದರೂ ಕೇಳಿರುತ್ತೀರಿ.

ಆ ಮೈದಾನದ ಪಕ್ಕದಲ್ಲೇ ಹಾಳುಬಿದ್ದ ಹಳೆಯ ಕೋಟೆಯೊಂದಿದೆ. ಮೈದಾನಕ್ಕೆ ಹೆಸರು ಬಂದದ್ದು ಅದರಿಂದಲೇ. ಗುರುವಾರ ಹೋದರೆ ಅಲ್ಲಿ ಜನ ತಮ್ಮ ಕಷ್ಟಗಳನ್ನು ಜಿನ್ನುಗಳಿಗೆ ಕಾಗದದಲ್ಲಿ ಬರೆದಿಟ್ಟು, ದೀಪ, ಊದುಬತ್ತಿ ಹಚ್ಚುವುದನ್ನು ನೋಡಬಹುದು. ಕೋಟೆಯೊಳಗೆ ಅಂತಸ್ತು ಅಂತಸ್ತಾಗಿ ಮೇಲೇರುವ ಒಂದು ಕಟ್ಟಡ, ಅದರ ನೆತ್ತಿಯ ಮೇಲೆ ಒಂದೇ ಕಲ್ಲಿನ ಕಂಬ. ಸುಮಾರು 13 ಮೀಟರ್ ಉದ್ದ. ಇವತ್ತು ಹೇಳಹೊರಟಿರುವುದು ಆ ಕಂಬದ ಮೇಲಿರುವ ನಾಲ್ಕು ಹೆಸರುಗಳ ಕಥೆ.

ಮೊದಲಿಗೆ, ಈ ಕಂಬ ದೆಹಲಿಯದಲ್ಲ. ನಮ್ಮ ಹಾಗೆ ಅದೂ ಬೇರೆ ಊರಿನಿಂದ ಬಂದದ್ದೇ. ಅದರ ತವರು ಈಗಿನ ಹರಿಯಾಣದ ಯಮುನಾನಗರ ಜಿಲ್ಲೆಯ ತೋಪ್ರಾ ಎಂಬ ಹಳ್ಳಿ. 14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್ ಅದನ್ನು ಕಂಡು ಬೆರಗಾಗಿ ತನ್ನ ಹೊಸ ಊರಿಗೆ ತರಿಸಿದ. ತಂದ ಬಗೆಯನ್ನು ಷಂಸ್-ಇ-ಸಿರಾಜ್ ಅಫೀಫ್ ಎಂಬ ಚರಿತ್ರಕಾರ ಬರೆದಿಟ್ಟಿದ್ದಾನೆ. ಕಂಬ ಬೀಳುವಾಗ ಒಡೆಯಬಾರದೆಂದು ಕೆಳಗೆ ಬೂರುಗದ ಹತ್ತಿಯ ರಾಶಿ ಹಾಸಿದರಂತೆ. ಜೊಂಡು, ಹಸಿ ತೊಗಲು ಸುತ್ತಿ 42 ಚಕ್ರದ ಗಾಡಿಗೆ ಏರಿಸಿದರಂತೆ. ಒಂದೊಂದು ಚಕ್ರದ ಹಗ್ಗಕ್ಕೂ 200 ಜನ ಕೈಹಾಕಿ ಎಳೆದು ಯಮುನೆಯ ದಡಕ್ಕೆ ತಂದು, ದೋಣಿಗಳ ಮೇಲಿಟ್ಟು ದೆಹಲಿಗೆ ಸಾಗಿಸಿದರಂತೆ.

ಇಷ್ಟೆಲ್ಲ ಮಾಡಿ ತಂದರೂ, ಕಂಬದ ಮೇಲೆ ಸಾಲು ಸಾಲಾಗಿ ಕೊರೆದಿದ್ದ ಹಳೆಯ ಅಕ್ಷರಗಳನ್ನು ಓದಬಲ್ಲವರು ಸುಲ್ತಾನನಿಗೆ ಒಬ್ಬರೂ ಸಿಗಲಿಲ್ಲ. ಓದಿದ್ದು ಸುಮಾರು ಐದು ನೂರು ವರ್ಷಗಳಾದ ಮೇಲೆ, 1837ರಲ್ಲಿ. ಓದಿದವರು ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕೊರೆಸಿದವನು ಮೌರ್ಯ ದೊರೆ ಅಶೋಕ. ಪಟ್ಟಕ್ಕೆ ಬಂದ 27ನೇ ವರ್ಷದಲ್ಲಿ, ಎಂದರೆ ಇಂದಿಗೆ 2260 ವರ್ಷಗಳಷ್ಟು ಹಿಂದೆ, ಅವನು ಈ ಕಂಬದ ಮೇಲೆ ಏಳನೆಯದಾಗಿ ಒಂದು ಉದ್ದನೆಯ ಶಾಸನ ಬರೆಸಿದ. ಅವನ ಬೇರೆ ಯಾವ ಕಂಬದ ಮೇಲೂ ಈ ಏಳನೆಯದು ಇಲ್ಲ.

ಅದರಲ್ಲೊಂದು ಕಡೆ ಅವನು ತನ್ನ ಧರ್ಮಾಧಿಕಾರಿಗಳು ಯಾರ ಯಾರ ಯೋಗಕ್ಷೇಮ ನೋಡಬೇಕು ಎಂದು ಪಟ್ಟಿ ಮಾಡುತ್ತಾನೆ. ಸಂಘದವರು, ಬ್ರಾಹ್ಮಣರು, ಆಜೀವಿಕರು, ನಿಗಂಠರು. ಆಮೇಲೆ, ಇನ್ನೂ ಬೇರೆ ಬೇರೆ ಪಂಥದವರು. ಇವೇ ಆ ನಾಲ್ಕು ಹೆಸರು. ಸಂಘ ಎಂದರೆ ಬುದ್ಧನ ಭಿಕ್ಷುಗಳು. ನಿಗಂಠರು ಎಂದರೆ ಮಹಾವೀರನ ದಾರಿ ಹಿಡಿದ ಜೈನ ಮುನಿಗಳು. ಬ್ರಾಹ್ಮಣರು ನಮಗೆ ಗೊತ್ತು. ಆಜೀವಿಕರು ಯಾರು? ನಿಮ್ಮ ಅಜ್ಜಿಯನ್ನು ಕೇಳಿದರೂ ಗೊತ್ತಿಲ್ಲ ಎನ್ನುತ್ತಾರೆ. ಆ ಹೆಸರನ್ನು ಸದ್ಯಕ್ಕೆ ಹಾಗೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಮನೆ ಬಿಟ್ಟವರು

ಇಂದಿಗೆ ಎರಡೂವರೆ ಸಾವಿರ ವರ್ಷಗಳ ಹಿಂದೆ ಗಂಗಾ ನದಿಯ ಬಯಲಿನಲ್ಲಿ ದೊಡ್ಡ ಬದಲಾವಣೆ ಆಗುತ್ತಿತ್ತು. ಕಬ್ಬಿಣದ ಕೊಡಲಿ, ಗುಳ ಬಂದು ಕಾಡು ಕಡಿದು ಭತ್ತ ಬೆಳೆಯುವುದು ಹೆಚ್ಚಾಗಿತ್ತು. ಉಂಡು ಮಿಗುವಷ್ಟು ಧಾನ್ಯ ಬಂದಾಗ ಪೇಟೆಗಳು ಎದ್ದವು. ರಾಜಗೃಹ, ಶ್ರಾವಸ್ತಿ, ಕೌಶಾಂಬಿ, ವೈಶಾಲಿ. ಮುದ್ರೆ ಒತ್ತಿದ ಬೆಳ್ಳಿ ನಾಣ್ಯಗಳು ಚಲಾವಣೆಗೆ ಬಂದವು. ವ್ಯಾಪಾರಿಗಳ ಗಾಡಿಗಳು ಊರಿಂದೂರಿಗೆ ಓಡಾಡಿದವು. ಸಣ್ಣ ಗಣರಾಜ್ಯಗಳನ್ನು ದೊಡ್ಡ ರಾಜರು ನುಂಗತೊಡಗಿದರು.

ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅಜ್ಜ ಮಾಡಿದ್ದನ್ನು ಅಪ್ಪ, ಅಪ್ಪ ಮಾಡಿದ್ದನ್ನು ಮಗ ಮಾಡುತ್ತಾನೆ. ಪೇಟೆಗೆ ಬಂದರೆ ಹಾಗಲ್ಲ. ಪಕ್ಕದ ಮನೆಯವರ ಮಾತು ಬೇರೆ, ಊಟ ಬೇರೆ, ದೇವರೂ ಬೇರೆ. ಒಬ್ಬ ಕೊಬ್ಬಿದ್ದಾನೆ, ಇನ್ನೊಬ್ಬ ಹಸಿದಿದ್ದಾನೆ. ಆಗ ಪ್ರಶ್ನೆ ಏಳುತ್ತವೆ. ದುಃಖ ಯಾಕೆ ಬರುತ್ತದೆ? ಸತ್ತ ಮೇಲೆ ಏನಾಗುತ್ತದೆ? ಒಳ್ಳೆಯದು ಮಾಡಿದರೆ ನಿಜವಾಗಿಯೂ ಒಳ್ಳೆಯದಾಗುತ್ತದೆಯೇ? ಯಜ್ಞ ಮಾಡಿ ಪ್ರಾಣಿ ಬಲಿ ಕೊಟ್ಟರೆ ಇದಕ್ಕೆ ಉತ್ತರ ಸಿಗುತ್ತದೆಯೇ?

ನಿಮ್ಮ ಅಪ್ಪ ಅಮ್ಮ ಕೆಲಸಕ್ಕಾಗಿ ಊರು ಬಿಟ್ಟು ದೆಹಲಿಗೋ ನೋಯ್ಡಾಗೋ ಗುರುಗ್ರಾಮಕ್ಕೋ ಬಂದರು. ಆ ಕಾಲದಲ್ಲಿ ಕೆಲವರು ಬರೀ ಪ್ರಶ್ನೆಗಾಗಿ ಮನೆ ಬಿಟ್ಟರು. ತಲೆ ಬೋಳಿಸಿಕೊಂಡರು ಅಥವಾ ಕೂದಲು ಕಿತ್ತುಕೊಂಡರು. ಭಿಕ್ಷೆ ಬೇಡಿ ಉಂಡರು. ಮರದಡಿ ಮಲಗಿದರು. ಇಂಥವರಿಗೆ ಶ್ರಮಣರು ಎಂದು ಹೆಸರು. ಶ್ರಮ ಪಡುವವರು ಎಂದರ್ಥ. ಹೊಲದಲ್ಲಿ ರೈತ ಪಡುವ ಶ್ರಮವನ್ನು ಇವರು ತಮ್ಮ ಮೈ ಮನಸ್ಸುಗಳ ಮೇಲೆ ಪಟ್ಟರು. ನಿಗಂಠ ಎನ್ನುವುದು ಸಂಸ್ಕೃತದಲ್ಲಿ ನಿರ್ಗ್ರಂಥ, ಗಂಟು ಇಲ್ಲದವರು. ಕನ್ನಡದಲ್ಲಿ ಗಂಟು ಎಂದರೆ ಹಗ್ಗದ ಗಂಟೂ ಹೌದು, ದುಡ್ಡಿನ ಗಂಟೂ ಹೌದು. ಅವರಲ್ಲಿ ಎರಡೂ ಇರಲಿಲ್ಲ.

ವೇದ ಓದಿದ ಬ್ರಾಹ್ಮಣರಲ್ಲೂ ಇಂಥ ಪ್ರಶ್ನೆ ಕೇಳುವವರಿದ್ದರು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಮುನ್ನ ಇಬ್ಬರು ಹೆಂಡಿರಿಗೂ ಆಸ್ತಿ ಹಂಚಲು ಹೋಗುತ್ತಾನೆ. ಅವರಲ್ಲಿ ಮೈತ್ರೇಯಿ ಕೇಳುವ ಪ್ರಶ್ನೆ ಇದು: ಈ ಭೂಮಿಯ ಸಂಪತ್ತೆಲ್ಲ ನನ್ನದಾದರೆ ನಾನು ಸಾವನ್ನು ಗೆಲ್ಲುತ್ತೇನೆಯೇ? ಇಲ್ಲ ಎನ್ನುತ್ತಾನೆ ಗಂಡ. ಹಾಗಾದರೆ ಅದು ನನಗೇಕೆ ಎಂದು ಅವಳು ಆಸ್ತಿಯ ಬದಲು ಅರಿವನ್ನು ಕೇಳುತ್ತಾಳೆ.

ಮನೆ ಬಿಟ್ಟು ಹೋದವರ ಹಿಂದೆ ಅಳುವವರೂ ಇದ್ದರು. ಅದನ್ನು ಮರೆಯಬಾರದು. ಬುದ್ಧ ತನ್ನ ಊರಿಗೆ ಬಂದಾಗ ಎಳೆಯ ಮಗ ರಾಹುಲನಿಗೂ ದೀಕ್ಷೆ ಆಗಿಹೋಯಿತು. ಆಗ ಮುದುಕ ತಂದೆ ಶುದ್ಧೋದನ ಬಂದು ತನ್ನ ಸಂಕಟ ತೋಡಿಕೊಂಡ. ಮೊದಲು ನೀನು ಹೋದೆ, ಈಗ ಮೊಮ್ಮಗನೂ ಹೋದ, ಈ ನೋವು ಮೂಳೆಯವರೆಗೆ ಇಳಿಯುತ್ತದೆ ಎಂಬಂಥ ಮಾತು. ಬುದ್ಧ ವಾದ ಮಾಡಲಿಲ್ಲ. ಅಂದಿನಿಂದ ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಯಾವ ಮಗುವಿಗೂ ದೀಕ್ಷೆ ಕೊಡಕೂಡದು ಎಂದು ಕಟ್ಟಳೆ ಮಾಡಿದ. ಬೌದ್ಧರ ವಿನಯ ಗ್ರಂಥದಲ್ಲಿ ಆ ಕಟ್ಟಳೆ ಇವತ್ತಿಗೂ ಇದೆ.

ಮಳೆಗಾಲಕ್ಕೂ ಒಂದು ಕಟ್ಟಳೆ ಇತ್ತು. ಮಳೆ ಬಿದ್ದಾಗ ನೆಲದಲ್ಲಿ ಮೊಳಕೆ, ಹುಳ ಹುಪ್ಪಟೆ ತುಂಬಿರುತ್ತವೆ. ನಡೆದರೆ ತುಳಿದು ಸಾಯಿಸಿದಂತೆ. ಅದಕ್ಕೇ ಭಿಕ್ಷುಗಳು ಮೂರು ತಿಂಗಳು, ಜೈನ ಮುನಿಗಳು ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುತ್ತಿದ್ದರು. ಜೈನರ ಚಾತುರ್ಮಾಸ ಅದೇ. ಕೆಂಪುಕೋಟೆಯ ಎದುರಿನ ಲಾಲ್ ಮಂದಿರ ನೋಡಿದ್ದೀರಲ್ಲ? ಅಲ್ಲಿ ಗಾಯಗೊಂಡ ಹಕ್ಕಿಗಳಿಗೆ ಆಸ್ಪತ್ರೆ ಇರುವುದರ ಹಿಂದೆಯೂ ಹುಳುವನ್ನೂ ತುಳಿಯಬಾರದೆಂಬ ಆ ಹಳೆಯ ಎಚ್ಚರವೇ ಇದೆ.

ಊರ ಬಾಗಿಲಲ್ಲಿ ನೇರಳೆ ಕೊಂಬೆ

ಶ್ರಮಣರಲ್ಲಿ ಹೆಂಗಸರೂ ಇದ್ದರು. ಮಹಾವೀರನ ಸಂಘದಲ್ಲಿ 14,000 ಮುನಿಗಳು, 36,000 ಸಾಧ್ವಿಯರು ಇದ್ದರೆಂದು ಜೈನರ ಕಲ್ಪಸೂತ್ರ ಹೇಳುತ್ತದೆ. ಅವರಂಥ ಒಬ್ಬಳ ಕಥೆ ಬೌದ್ಧರ ಪುಸ್ತಕಗಳಲ್ಲಿದೆ. ಹೆಸರು ಭದ್ದಾ. ಮೊದಲು ನಿಗಂಠರಲ್ಲಿ ಸೇರಿ ಕೂದಲು ಕೀಳಿಸಿಕೊಂಡಿದ್ದಳು. ಮತ್ತೆ ಬೆಳೆದ ಕೂದಲು ಗುಂಗುರು ಗುಂಗುರಾಗಿ ಬಂದದ್ದರಿಂದ ಜನ ಅವಳನ್ನು ಕುಂಡಲಕೇಶಿ ಎಂದು ಕರೆದರು.

ಅವಳು ಮಹಾ ವಾದಗಾತಿ. ಒಂದು ಊರಿಗೆ ಬಂದರೆ ಊರ ಬಾಗಿಲಲ್ಲಿ ಮರಳು ಗುಡ್ಡೆ ಮಾಡಿ ಅದರಲ್ಲಿ ಒಂದು ನೇರಳೆ ಕೊಂಬೆ ನೆಡುತ್ತಿದ್ದಳು. ಅಲ್ಲಿ ಆಡುವ ಮಕ್ಕಳನ್ನು ಕರೆದು ಹೇಳುತ್ತಿದ್ದಳು: ಯಾರಿಗೆ ನನ್ನ ಜೊತೆ ವಾದಿಸುವ ಧೈರ್ಯವಿದೆಯೋ ಅವರು ಈ ಕೊಂಬೆ ತುಳಿಯಲಿ. ಏಳು ದಿನ ಕಾದು, ಯಾರೂ ತುಳಿಯದಿದ್ದರೆ ಕೊಂಬೆ ಕಿತ್ತುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದಳು.

ಶ್ರಾವಸ್ತಿಯಲ್ಲಿ ಬುದ್ಧನ ಶಿಷ್ಯ ಸಾರಿಪುತ್ತ ಆ ಕೊಂಬೆ ಕಂಡ. ಮಕ್ಕಳಿಗೆ ಹೇಳಿ ತುಳಿಸಿದ. ಸುದ್ದಿ ಹಬ್ಬಿ ಜನ ನೆರೆದರು. ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಅವನು ಉತ್ತರ ಕೊಟ್ಟ. ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: ಒಂದು ಎಂದರೆ ಏನು? ಅವಳಿಗೆ ಹೊಳೆಯಲಿಲ್ಲ. ಗೊತ್ತಿಲ್ಲ ಎಂದು ಎಲ್ಲರ ಮುಂದೆ ಒಪ್ಪಿಕೊಂಡಳು. ನಾಚಿಕೆಪಟ್ಟು ಓಡಿಹೋಗಲಿಲ್ಲ, ಕಲಿಸಿ ಎಂದಳು. ಮುಂದೆ ಬೌದ್ಧ ಭಿಕ್ಖುನಿಯಾದಳು. ಥೇರೀಗಾಥಾ ಎಂಬ ಸಂಗ್ರಹದಲ್ಲಿ ಅವಳ ಹೆಸರಿನ ಪದ್ಯಗಳಿವೆ. ಹೆಂಗಸರ ಹೆಸರಿನಲ್ಲಿ ಉಳಿದಿರುವ ಜಗತ್ತಿನ ಅತಿ ಹಳೆಯ ಕವಿತೆಗಳಲ್ಲಿ ಅವೂ ಸೇರಿವೆ.

ಈ ಕಥೆಯನ್ನು ಹೇಳಿದವರು ಬೌದ್ಧರು, ಗೆದ್ದವನೂ ಬೌದ್ಧನೇ. ಇದನ್ನು ಗಮನಿಸಿದಿರಾ? ಜೈನರ ಪುಸ್ತಕಗಳಲ್ಲಿ ಜೈನರು ಗೆಲ್ಲುತ್ತಾರೆ. ಕೇಳುಗರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಬೇಕು. ಆದರೂ ಒಂದು ಮಾತು ಎಲ್ಲರ ಪುಸ್ತಕಗಳಿಂದಲೂ ತಿಳಿಯುತ್ತದೆ. ಊರ ಮುಂದೆ, ಮಕ್ಕಳ ಎದುರಿಗೆ, ಬಾಯಿ ಮಾತಿನಲ್ಲಿ ವಾದ ನಡೆಯುತ್ತಿತ್ತು. ಕೊಂಬೆ ತುಳಿಯುವುದು ಅಪಮಾನವಾಗಿರಲಿಲ್ಲ, ಬಾ ಮಾತಾಡೋಣ ಎಂಬ ಕರೆಯಾಗಿತ್ತು. ಇದು ನಮ್ಮಿಂದ ದೂರದ ಸಂಗತಿಯೂ ಅಲ್ಲ. ದೆಹಲಿಯ ಸುತ್ತಲಿನ ನಾಡೇ ಆಗಿನ ಕುರು ದೇಶ. ಅದರ ಕಮ್ಮಾಸದಮ್ಮ ಎಂಬ ಪೇಟೆಯಲ್ಲಿ ಬುದ್ಧ ತನ್ನ ದೊಡ್ಡ ಉಪದೇಶಗಳಲ್ಲೊಂದನ್ನು ಕೊಟ್ಟನೆಂದು ಪಾಲಿ ಗ್ರಂಥಗಳು ಹೇಳುತ್ತವೆ.

ನಿದ್ದೆ ಬಾರದ ರಾಜ

ಇನ್ನೊಂದು ಕಥೆ. ಮಗಧದ ರಾಜ ಅಜಾತಶತ್ರು ಅಪ್ಪನನ್ನೇ ಕೊಂದು ಪಟ್ಟಕ್ಕೆ ಬಂದವನು. ಮನಸ್ಸಿಗೆ ನೆಮ್ಮದಿ ಇಲ್ಲ. ಒಂದು ಹುಣ್ಣಿಮೆಯ ರಾತ್ರಿ ವೈದ್ಯ ಜೀವಕನ ಮಾವಿನ ತೋಪಿಗೆ ಹೋಗಿ ಬುದ್ಧನನ್ನು ಕೇಳಿದ: ಅಡುಗೆಯವನು, ಕ್ಷೌರಿಕ, ಅಗಸ, ಕುಂಬಾರ, ಮಾವುತ, ಎಲ್ಲರೂ ದುಡಿದು ಅದರ ಫಲವನ್ನು ಇಲ್ಲೇ ಉಣ್ಣುತ್ತಾರೆ, ಹೆಂಡತಿ ಮಕ್ಕಳನ್ನು ಸಾಕುತ್ತಾರೆ. ಮನೆ ಬಿಟ್ಟು ಶ್ರಮಣರಾದವರಿಗೆ ಕಣ್ಣಿಗೆ ಕಾಣುವ ಫಲ ಏನು?

ಇದನ್ನೇ ಬೇರೆ ಆರು ಗುರುಗಳಿಗೂ ಕೇಳಿದ್ದೆ ಎಂದು ಅವನು ಅವರ ಉತ್ತರಗಳನ್ನು ಹೇಳುತ್ತಾನೆ. ಅಜಿತ ಕೇಸಕಂಬಲಿ ಕೂದಲಿನ ಕಂಬಳಿ ಹೊದ್ದವನು. ಸತ್ತ ಮೇಲೆ ಮಣ್ಣು ಮಣ್ಣಿಗೆ, ನೀರು ನೀರಿಗೆ ಸೇರುತ್ತದೆ, ಬೇರೆ ಲೋಕವೇ ಇಲ್ಲ ಎಂದ. ಸಂಜಯ ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಪೂರಣ ಕಸ್ಸಪ ಪಾಪ ಪುಣ್ಯ ಯಾವುದೂ ಅಂಟುವುದಿಲ್ಲ ಎಂದ. ಪಕುಧ ಕಚ್ಚಾಯನ ಯಾರೂ ಹುಟ್ಟಿಸದ, ಯಾರೂ ಕೆಡಿಸಲಾಗದ ಏಳು ವಸ್ತುಗಳಿವೆ ಎಂದ. ನಿಗಂಠ ನಾಟಪುತ್ತ, ಎಂದರೆ ಮಹಾವೀರ, ತನ್ನನ್ನು ತಾನು ತಡೆದು ನಿಲ್ಲಿಸಿಕೊಳ್ಳುವ ಸಂಯಮದ ಮಾತಾಡಿದ. ಆರನೆಯವನು ಮಕ್ಖಲಿ ಗೋಸಾಲ. ಇವನೇ ಆಜೀವಿಕರ ಗುರು.

ಗೋಸಾಲ ಹೇಳಿದ್ದು ನಿಯತಿಯ ಮಾತು. ದಾರದ ಉಂಡೆಯನ್ನು ನೆಲದ ಮೇಲೆ ಎಸೆದರೆ ದಾರ ಇರುವಷ್ಟು ದೂರ ಬಿಚ್ಚಿಕೊಳ್ಳುತ್ತ ಹೋಗಿ ನಿಲ್ಲುತ್ತದೆ. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆ ಇಲ್ಲ. ಜೀವನವೂ ಹಾಗೆಯೇ. ಪ್ರತಿಯೊಂದು ಜೀವವೂ ತನಗೆ ಗೊತ್ತುಮಾಡಿದಷ್ಟು ಜನ್ಮಗಳನ್ನು ಸುತ್ತಿಯೇ ಬಿಡುಗಡೆ ಹೊಂದುತ್ತದೆ. ಶ್ರಮಪಟ್ಟು ಅದನ್ನು ಬೇಗ ಮಾಡಲು ಆಗದು. ಸೋಮಾರಿತನದಿಂದ ತಡಮಾಡಲೂ ಆಗದು.

ಇಷ್ಟು ಹೇಳಿಯೂ ಆಜೀವಿಕರು ಬಟ್ಟೆ ತೊಡದೆ, ಉಪವಾಸ ಮಾಡಿ, ಬಹಳ ಕಠಿಣವಾಗಿ ಬದುಕಿದರು. ಯಾಕೆ? ಅವರನ್ನೇ ಕೇಳೋಣವೆಂದರೆ ಅವರ ಒಂದು ಪುಸ್ತಕವೂ ಉಳಿದಿಲ್ಲ. ಅವರ ಬಗ್ಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ಬೌದ್ಧರು, ಜೈನರು ಬರೆದಿಟ್ಟದ್ದು. ಅವರಿಬ್ಬರೂ ಇವರ ಎದುರಾಳಿಗಳು.

ಜೈನರ ಭಗವತೀ ಸೂತ್ರದ ಒಂದು ಕಥೆ ನೋಡಿ. ಗೋಸಾಲ ಮೊದಲು ಮಹಾವೀರನ ಜೊತೆಗೇ ಅಲೆಯುತ್ತಿದ್ದ. ದಾರಿಯಲ್ಲಿ ಒಂದು ಎಳ್ಳಿನ ಗಿಡ ಕಂಡಿತು. ಇದು ಕಾಯಿ ಬಿಡುತ್ತದೆಯೇ ಎಂದು ಗೋಸಾಲ ಕೇಳಿದ. ಬಿಡುತ್ತದೆ, ಒಂದು ಕಾಯಿಯಲ್ಲಿ ಏಳು ಕಾಳು ಎಂದ ಮಹಾವೀರ. ಅವನ ಮಾತು ಸುಳ್ಳಾಗಲಿ ಎಂದು ಗೋಸಾಲ ಮೆಲ್ಲನೆ ಹಿಂದುಳಿದು ಗಿಡ ಕಿತ್ತೆಸೆದ. ಅಷ್ಟರಲ್ಲಿ ಮಳೆ ಬಂದು, ಗಿಡ ಮತ್ತೆ ಬೇರುಬಿಟ್ಟು, ಏಳು ಕಾಳು ಕಟ್ಟಿತು. ಅದನ್ನು ಕಂಡು ಗೋಸಾಲ ತನ್ನದೇ ಸಿದ್ಧಾಂತ ಕಟ್ಟಿಕೊಂಡು ಬೇರೆಯಾದನಂತೆ. ಕಥೆ ಚೆನ್ನಾಗಿದೆ. ಆದರೆ ಇದನ್ನೇ ಗೋಸಾಲನ ಶಿಷ್ಯರು ಹೇಳಿದ್ದರೆ ಗಿಡ ಕಿತ್ತವರು ಯಾರಾಗುತ್ತಿದ್ದರು? ಶಾಲೆಯಲ್ಲಿ ಜಗಳವಾದಾಗ ಒಬ್ಬರ ಮಾತನ್ನು ಮಾತ್ರ ಕೇಳಿ ತೀರ್ಪು ಕೊಟ್ಟರೆ ನಿಮಗೆ ಹೇಗೆ ಸಿಟ್ಟು ಬರುತ್ತದೆ? ಆಜೀವಿಕರಿಗೆ ಎರಡು ಸಾವಿರ ವರ್ಷಗಳಿಂದ ಆಗಿರುವುದು ಅದೇ.

ಕಾಲ್ಕಾಜಿಯ ಬಂಡೆ, ಮಸ್ಕಿಯ ಬಂಡೆ

ಈಗ ಅಶೋಕನ ಬಳಿಗೆ ಮರಳೋಣ. ಅವನು ಬುದ್ಧನ ದಾರಿ ಹಿಡಿದವನು. ದಕ್ಷಿಣ ದೆಹಲಿಯಲ್ಲಿ, ಕಾಲ್ಕಾಜಿಯ ಹತ್ತಿರ, ಒಂದು ಪುಟ್ಟ ಪಾರ್ಕಿನ ಬಂಡೆಯ ಮೇಲೆ ಅವನದೇ ಇನ್ನೊಂದು ಶಾಸನವಿದೆ. ಅದು ಬೆಳಕಿಗೆ ಬಂದದ್ದು 1966ರಲ್ಲಿ. ಅದರ ಸಾರವೇನೆಂದರೆ, ನಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಮೊದಮೊದಲು ಅಷ್ಟಾಗಿ ಪ್ರಯತ್ನ ಮಾಡಲಿಲ್ಲ, ಈಗ ಮಾಡುತ್ತಿದ್ದೇನೆ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆ.

ಇದೇ ಮಾತನ್ನು ಅವನು ನಮ್ಮ ಕರ್ನಾಟಕದಲ್ಲೂ ಬರೆಸಿದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಕೊಪ್ಪಳದ ಗವಿಮಠದ ಬಂಡೆಯಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇದ್ದದ್ದರಿಂದ, ಬೇರೆ ಕಡೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡವನು ಅಶೋಕನೇ ಎಂಬುದು ಖಚಿತವಾಯಿತು. ನಿಮ್ಮ ಅಜ್ಜನ ಊರು ಆ ಕಡೆಯದಾದರೆ, ಅಜ್ಜನ ಊರಿನ ಬಂಡೆಯೂ ನಿಮ್ಮ ಮೆಟ್ರೋ ಸ್ಟೇಷನ್ ಹತ್ತಿರದ ಬಂಡೆಯೂ ಒಂದೇ ಮಾತಾಡುತ್ತವೆ.

ಈಗ ಯೋಚಿಸಿ. ಅಶೋಕ ಹೇಳುವುದು: ಶ್ರಮಪಟ್ಟರೆ ಫಲವಿದೆ. ಗೋಸಾಲ ಹೇಳುವುದು: ಶ್ರಮದಿಂದ ಏನೂ ಬದಲಾಗದು. ಇವೆರಡು ಎಣ್ಣೆ ಸೀಗೆಕಾಯಿ. ಹಾಗಾದರೆ ಇಷ್ಟು ದೊಡ್ಡ ರಾಜ ಆಜೀವಿಕರನ್ನು ಏನು ಮಾಡಬೇಕಿತ್ತು? ಬಾಯಿ ಮುಚ್ಚಿಸಬಹುದಿತ್ತು, ಓಡಿಸಬಹುದಿತ್ತು. ಅವನು ಮಾಡಿದ್ದು ಬೇರೆ. ಈಗಿನ ಬಿಹಾರದ ಬರಾಬರ್ ಗುಡ್ಡದ ಗಟ್ಟಿ ಕಲ್ಲಿನಲ್ಲಿ ಗುಹೆಗಳನ್ನು ಕೊರೆಸಿ, ಒಳಗೋಡೆಗಳನ್ನು ಕನ್ನಡಿಯಂತೆ ಉಜ್ಜಿಸಿ, ಪಟ್ಟಕ್ಕೆ ಬಂದ 12ನೇ ವರ್ಷದಲ್ಲಿ ಅವುಗಳಲ್ಲಿ ಎರಡನ್ನು ಆಜೀವಿಕರಿಗೆ ದಾನ ಕೊಟ್ಟ. ಕೊಟ್ಟದ್ದನ್ನು ಅಲ್ಲೇ ಬರೆಸಿದ. ಮುಂದೆ ಅವನ ಮೊಮ್ಮಗ ದಶರಥ ಪಕ್ಕದ ನಾಗಾರ್ಜುನಿ ಗುಡ್ಡದಲ್ಲಿ ಮತ್ತೆ ಮೂರು ಗುಹೆ ಕೊಟ್ಟ.

ಆ ಗುಹೆಗಳ ಬರಹದಲ್ಲಿ ಒಂದು ವಿಚಿತ್ರವಿದೆ. ಉಳಿದ ಅಕ್ಷರಗಳನ್ನು ಬಿಟ್ಟು, ಕೆಲವು ಕಡೆ ಆಜೀವಿಕ ಎಂಬ ಪದವನ್ನು ಮಾತ್ರ ಯಾರೋ ಉಳಿಯಿಂದ ಕೆತ್ತಿ ಅಳಿಸಲು ನೋಡಿದ್ದಾರೆ. ಗುಹೆ ಬೇಕಿತ್ತು, ಅದರ ಮೊದಲ ಒಡೆಯರ ಹೆಸರು ಬೇಡವಾಗಿತ್ತು. ಅಳಿಸಿದವರು ಅರೆಬರೆ ಅಳಿಸಿದ್ದರಿಂದ ನಮಗೆ ಇವತ್ತು ಓದಲು ಸಿಗುತ್ತದೆ.

ಆಜೀವಿಕರು ಆಮೇಲೆ ಉತ್ತರದಲ್ಲಿ ಮರೆಯಾದರೂ ದಕ್ಷಿಣದಲ್ಲಿ ಬಹಳ ಕಾಲ ಉಳಿದರು. ತಮಿಳುನಾಡಿನಲ್ಲೂ ನಮ್ಮ ಕೋಲಾರದ ಕಡೆಯಲ್ಲೂ ಸಿಕ್ಕ ಶಾಸನಗಳಲ್ಲಿ ಅವರ ಹೆಸರಿನ ಒಂದು ತೆರಿಗೆಯ ಪ್ರಸ್ತಾಪವಿದೆ. ಅವರ ಬಗ್ಗೆ 1951ರಲ್ಲಿ ದೊಡ್ಡ ಪುಸ್ತಕ ಬರೆದ ಎ.ಎಲ್. ಬಾಷಮ್ 14ನೇ ಶತಮಾನದವರೆಗೂ ಅವರ ಜಾಡು ಹಿಡಿಯುತ್ತಾರೆ. ಫಿರೋಜ್ ಷಾ ಅವರ ಹೆಸರಿದ್ದ ಕಂಬವನ್ನು ದೋಣಿಯಲ್ಲಿ ದೆಹಲಿಗೆ ತರಿಸಿದ ಹೊತ್ತಿಗೆ, ದೂರದ ದಕ್ಷಿಣದಲ್ಲಿ ಅವರ ಕೊನೆಯ ದಿನಗಳು ನಡೆಯುತ್ತಿದ್ದವು.

ಒಂದೇ ಮನೆ, ಮೂರು ದಾರಿ

ಅಶೋಕನಿಗೆ ಈ ಬುದ್ಧಿ ಎಲ್ಲಿಂದ ಬಂತು? ಒಂದು ಸುಳಿವು ಅವನ ಮನೆಯಲ್ಲೇ ಇರಬಹುದು. ಅವನ ಅಪ್ಪ ಬಿಂದುಸಾರನ ಆಸ್ಥಾನದಲ್ಲಿ ಭವಿಷ್ಯ ಹೇಳುವ ಆಜೀವಿಕನೊಬ್ಬನಿದ್ದ ಎಂದು ಬೌದ್ಧರ ಕಥೆಗಳು ಹೇಳುತ್ತವೆ. ತಾತ ಚಂದ್ರಗುಪ್ತ ರಾಜ್ಯ ಬಿಟ್ಟು, ಭದ್ರಬಾಹು ಮುನಿಯ ಜೊತೆ ದಕ್ಷಿಣಕ್ಕೆ ನಡೆದು ಬಂದು, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಎಂದು ಜೈನರು ನಂಬುತ್ತಾರೆ. ಆ ಬೆಟ್ಟಕ್ಕೆ ಚಂದ್ರಗಿರಿ ಎಂದೇ ಹೆಸರು. ಅಲ್ಲಿನ ಅತಿ ಹಳೆಯ ಶಾಸನ ಸುಮಾರು ಕ್ರಿ.ಶ. 600ರದು. ಅದರಲ್ಲಿ ಭದ್ರಬಾಹು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡದ್ದೂ, ಜೈನ ಸಂಘ ದಕ್ಷಿಣಕ್ಕೆ ಹೊರಟದ್ದೂ ಇವೆ. ಚಂದ್ರಗುಪ್ತನ ಕಾಲಕ್ಕೂ ಆ ಬರಹಕ್ಕೂ ಒಂಬೈನೂರು ವರ್ಷಗಳ ಅಂತರವಿರುವುದರಿಂದ ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಕಥೆ ನಿಜವಾದರೆ ತಾತ ಜೈನ, ಮೊಮ್ಮಗ ಬೌದ್ಧ, ನಡುವಿನವನು ಆಜೀವಿಕರಿಗೆ ಬೇಕಾದವನು. ಒಂದೇ ಮನೆಯಲ್ಲಿ ಮೂರು ದಾರಿ.

ಹಾಗೆ ಬಂದ ಶ್ರಮಣರು ನಮ್ಮ ಭಾಷೆಯೊಳಗೂ ಬಂದು ಕೂತರು. ಹಳಗನ್ನಡದಲ್ಲಿ ಜೈನ ಮುನಿಗೆ ಸವಣ ಎನ್ನುತ್ತಾರೆ. ಅದು ಶ್ರಮಣದ್ದೇ ರೂಪ. ಶ್ರವಣಬೆಳಗೊಳದ ಶ್ರವಣವೂ ಅದೇ. ಬಸದಿ ಎಂದರೆ ವಸತಿ, ಅಲೆಯುವವರು ತಂಗುವ ಜಾಗ.

ದಕ್ಷಿಣಕ್ಕೆ ಬಂದ ದಾರಿಯಲ್ಲಿ ಉತ್ತರಕ್ಕೆ ನಡೆದು ಹೋದವರೂ ಇದ್ದಾರೆ. ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಒಬ್ಬ ಹುಡುಗ ಮುಂದೆ ಆಚಾರ್ಯ ದೇಶಭೂಷಣರಿಂದ 1963ರಲ್ಲಿ ದೆಹಲಿಯಲ್ಲಿ ದಿಗಂಬರ ದೀಕ್ಷೆ ಪಡೆದು ವಿದ್ಯಾನಂದ ಮುನಿಯಾದರು. ದೆಹಲಿಯ ಕುಂದಕುಂದ ಭಾರತಿಯಲ್ಲಿ ಬಹಳ ವರ್ಷ ಇದ್ದು, 2019ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಬಟ್ಟೆ ಇಲ್ಲ, ಚಪ್ಪಲಿ ಇಲ್ಲ, ವಾಹನ ಇಲ್ಲ. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲ. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ ಊಟ. ಕಂಬದ ಮೇಲಿನ ನಿಗಂಠರು ಬರೀ ಪುಸ್ತಕದ ಹೆಸರಲ್ಲ. ಅವರ ದಾರಿಯಲ್ಲಿ ಇವತ್ತಿಗೂ ಕಾಲು ನಡೆಯುತ್ತಿದೆ.

ಒಂದು ಪದ ಕೆಟ್ಟುಹೋದ ಕಥೆ

ಕೊನೆಯದಾಗಿ ಒಂದು ಪದ. ಹಿಂದಿಯಲ್ಲಿ ಪಾಖಂಡಿ ಎಂದರೆ ಬೈಗುಳ ಎಂದು ನಿಮಗೆ ಗೊತ್ತು. ಡೋಂಗಿ, ಮೋಸಗಾರ. ಕನ್ನಡದ ಪಾಷಂಡಿಯೂ ಹಾಗೆಯೇ. ಆದರೆ ಕೋಟ್ಲಾದ ಕಂಬದಲ್ಲಿ ಆ ನಾಲ್ಕು ಹೆಸರಿನ ಕೊನೆಗೆ ಬೇರೆ ಬೇರೆ ಪಂಥದವರು ಎಂದು ಹೇಳಲು ಅಶೋಕ ಬಳಸಿದ್ದು ಇದೇ ಪದವನ್ನು, ಪಾಸಂಡ. ಅವನಿಗೆ ಅದು ಬೈಗುಳವಲ್ಲ. ತನ್ನದೂ ಒಂದು ಪಾಸಂಡ, ನಿಮ್ಮದೂ ಒಂದು ಪಾಸಂಡ. ಆಮೇಲಿನವರು ತಮ್ಮದನ್ನು ಬಿಟ್ಟು ಉಳಿದವರನ್ನೆಲ್ಲ ಪಾಷಂಡಿಗಳು ಎನ್ನುತ್ತ ಹೋದರು. ಎಲ್ಲರಿಗೂ ಸೇರಿದ್ದ ಪದ ಪರರಿಗೆ ಹೊಡೆಯುವ ಕಲ್ಲಾಯಿತು.

ಈ ಪಂಥಗಳ ಬಗ್ಗೆಯೇ ಅಶೋಕ ಬರೆಸಿದ ಶಾಸನ ಒಂದಿದೆ. ಹನ್ನೆರಡನೆಯ ಬಂಡೆ ಶಾಸನ. ತನ್ನ ಪಂಥದ ಮೇಲಿನ ಅಭಿಮಾನದಿಂದ ಇನ್ನೊಬ್ಬರ ಪಂಥವನ್ನು ಹಳಿಯುವವನು ನಿಜಕ್ಕೂ ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಮಾತಿಗೆ ಹಿಡಿತವಿರಲಿ, ಒಬ್ಬರು ಇನ್ನೊಬ್ಬರದನ್ನು ಕೇಳಲಿ ಎಂಬುದು ಅದರ ತಿರುಳು. ಅದರ ಒಂದು ಪ್ರತಿ ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಡದ ಸನ್ನತಿಯಲ್ಲಿ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಈ ಅಕ್ಷರಗಳಿರುವುದು 1980ರ ದಶಕದಲ್ಲಿ ಗೊತ್ತಾಯಿತು. ವಿಗ್ರಹ ಕೂರಿಸಲು ನಡುವೆ ರಂಧ್ರ ಕೊರೆದದ್ದರಿಂದ ಒಂದಷ್ಟು ಅಕ್ಷರ ಹೋಗಿವೆ. ಕೊರೆದವರಿಗೆ ಅದು ಓದಲು ಬರ್ತಿರಲಿಲ್ಲ. ಬರಾಬರಿನಲ್ಲಿ ಹೆಸರು ಕೆತ್ತಿ ತೆಗೆದವರ ಹಾಗೆ ಬೇಕೆಂದು ಮಾಡಿದ್ದಲ್ಲ.

ಮುಂದಿನ ಸಲ ಕೋಟ್ಲಾಕ್ಕೆ ಹೋದಾಗ ಕಂಬವನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಆ ನಾಲ್ಕು ಪಂಗಡದವರು ಒಬ್ಬರನ್ನೊಬ್ಬರು ಒಪ್ಪುತ್ತಿರಲಿಲ್ಲ. ಬರೆಸಿದವನೂ ಎಲ್ಲರನ್ನೂ ಒಪ್ಪುತ್ತಿರಲಿಲ್ಲ. ಆದರೂ ಹೆಸರುಗಳು ಒಂದರ ಪಕ್ಕ ಒಂದು, ಒಂದೇ ಅಳತೆಯ ಅಕ್ಷರದಲ್ಲಿವೆ. ಅವುಗಳಲ್ಲಿ ಒಂದು ಹೆಸರಿನವರು ಈಗ ಯಾರೂ ಇಲ್ಲ. ಅವರ ಪರವಾಗಿ ಮಾತಾಡಲು ಪುಸ್ತಕವಿಲ್ಲ, ಗುಡಿಯಿಲ್ಲ, ಹಬ್ಬವಿಲ್ಲ. ಆ ಕಂಬದ ಮುಂದೆ ಒಂದು ಸಲ ಅವರ ಹೆಸರನ್ನು ಬಾಯಿಬಿಟ್ಟು ಹೇಳಿ: ಆಜೀವಿಕರು. ಅಷ್ಟು ಸಾಕು.